ಪೊಳ್ಳು ಒಡವೆ, ಗಟ್ಟಿ ಅಚ್ಚು

ಕನ್ನಡದಲ್ಲಿ ಪೊಳ್ಳು ಎಂಬ ಮಾತಿಗೆ ಮರ್ಯಾದೆ ಕಡಿಮೆ. ಪೊಳ್ಳು ಭರವಸೆ, ಪೊಳ್ಳು ಪ್ರತಿಷ್ಠೆ, ಪೊಳ್ಳು ವಾದ. ಗುಜರಾತಿಯಲ್ಲೂ ಒಳಗೆ ಟೊಳ್ಳಾದುದನ್ನು ಹೆಚ್ಚುಕಡಿಮೆ ಇದೇ ಉಲಿಯಲ್ಲಿ ‘ಪೋಲು’ ಎನ್ನುತ್ತಾರೆ. ಆದರೆ ಅಕ್ಕಸಾಲಿಗನ ಅಡಿಗಲ್ಲಿನ ಮುಂದೆ ಪೊಳ್ಳು ಬೈಗುಳವಲ್ಲ, ಬಲು ಕಷ್ಟದ ಒಂದು ಕೆಲಸ. ಈ ಉಪನ್ಯಾಸಕ್ಕೆ ಆರಿಸಿಕೊಂಡಿರುವುದು ಆ ಕೆಲಸದ ಹಿಂದಿನ ಕೆಲಸವನ್ನು: ತಗಡಿಗೆ ರೂಪ ಕೊಡುವ ಅಚ್ಚನ್ನು ಕೆತ್ತುವ ಕಸುಬನ್ನು, ಗುಜರಾತಿನ ಕಡೆ ಹೆಚ್ಚು ನೋಡುತ್ತಾ.

ಮೊದಲು ಒಂದು ಸಣ್ಣ ಲೆಕ್ಕ. 10 ಮಿಲಿಮೀಟರ್ ಅಡ್ಡಳತೆಯ ಗುಂಡನ್ನು 22 ಕ್ಯಾರೆಟ್ ಚಿನ್ನದಲ್ಲಿ ಗಟ್ಟಿಯಾಗಿ ಮಾಡಿದರೆ ತೂಕ 9 ಗ್ರಾಂ ದಾಟುತ್ತದೆ. ಅದನ್ನೇ 0.2 ಮಿಲಿಮೀಟರ್ ದಪ್ಪದ ತಗಡಿನಿಂದ ಎರಡು ಬಟ್ಟಲಾಗಿ ಒತ್ತಿ ಬೆಸೆದರೆ 1 ಗ್ರಾಂ ಆಸುಪಾಸಿನಲ್ಲಿ ಮುಗಿಯುತ್ತದೆ. 20 ಗುಂಡಿನ ಸರಕ್ಕೆ ಒಂದು ಕಡೆ 180 ಗ್ರಾಂ, ಇನ್ನೊಂದು ಕಡೆ 20 ಗ್ರಾಂ ಚಿನ್ನ. ಕೂಲಿನಾಲಿ ಮಾಡುವ ಮನೆಯ ಮಗಳ ಕೊರಳಲ್ಲೂ ಮದುವೆಯ ದಿನ ತುಂಬಿದ ಸರ ಕಾಣುವುದು ಈ ಲೆಕ್ಕದಿಂದ. ಕಿವಿಹಾಲೆ ಹರಿಯದ ಹಾಗೆ ದೊಡ್ಡ ಜುಮುಕಿ ತೊಡಲು ಆಗುವುದೂ ಇದರಿಂದಲೇ. ಇದನ್ನು ಮೋಸ ಎನ್ನುವವರು ಒಮ್ಮೆ ಆ ತಗಡನ್ನು ಕೈಯಲ್ಲಿ ಹಿಡಿದು ನೋಡಬೇಕು.

ಅಷ್ಟು ತೆಳ್ಳನೆಯ ತಗಡಿಗೆ ಸುತ್ತಿಗೆಯಿಂದ ನೇರವಾಗಿ ಹೂವು, ಎಲೆ, ಮುತ್ತಿನ ಸಾಲು ಮೂಡಿಸಬಹುದು, ಆದರೆ ಒಂದೊಂದು ಬಟ್ಟಲೂ ಒಂದೊಂದು ಅಳತೆಗೆ ಹೋಗುತ್ತದೆ. ಎರಡು ಬಟ್ಟಲಿನ ಅಂಚು ಕೂದಲೆಳೆಯಷ್ಟು ತಪ್ಪಿದರೂ ಬೆಸುಗೆ ಕೂರುವುದಿಲ್ಲ. ಅದಕ್ಕೇ ಅಚ್ಚು. ಗುಜರಾತಿಗಳು ‘ಬೀಬು’ ಎನ್ನುವುದು ಇದನ್ನೇ. ಬಟ್ಟೆಗೆ ಬಣ್ಣ ಒತ್ತುವ ಮರದ ಅಚ್ಚಿಗೂ ಅಲ್ಲಿ ಅದೇ ಹೆಸರು; ಗಾಂಧಿನಗರದ ಬಳಿಯ ಪೇಥಾಪುರ ಮರದ ಅಚ್ಚುಗಳಿಗೆ ಹೆಸರಾದ ಊರು. ನಮ್ಮಲ್ಲಿ ಅಚ್ಚು ಎಂದೂ ಹೇಳುತ್ತಾರೆ, ಠಸ್ಸೆ ಎಂದೂ ಹೇಳುತ್ತಾರೆ.

ಉಕ್ಕಿನ ಅಚ್ಚು ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಕೆತ್ತುವಾತ ಮೊದಲು ಇಂಗಾಲ ಹೆಚ್ಚಿರುವ ಉಕ್ಕಿನ ತುಂಡನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ಆರಲು ಬಿಡುತ್ತಾನೆ. ಅವಸರ ಮಾಡಿದರೆ ಉಕ್ಕು ಚಾಣಕ್ಕೆ ಬಗ್ಗುವುದಿಲ್ಲ. ಮೆತ್ತಗಾದ ಮೇಲೆ ಮುಖವನ್ನು ಅರದಿಂದ ಸಮ ಮಾಡಿ, ಕೈವಾರದಿಂದ ಗೀರು ಎಳೆದು, ಗುಳಿ ತೋಡಲು ಕೂರುತ್ತಾನೆ. ಇಲ್ಲಿ ಎಲ್ಲವೂ ತಲೆಕೆಳಗು. ಒಡವೆಯಲ್ಲಿ ಎತ್ತರವಾಗಿ ಕಾಣಬೇಕಾದ ಮೊಗ್ಗು ಅಚ್ಚಿನಲ್ಲಿ ಎಲ್ಲಕ್ಕಿಂತ ಆಳದ ಗುಂಡಿ. ಬಲಕ್ಕೆ ಬಾಗಬೇಕಾದ ಬಳ್ಳಿ ಎಡಕ್ಕೆ ಬಾಗಬೇಕು. ಗುಳಿಯ ಗೋಡೆ ಎಲ್ಲೂ ಒಳಮುಖವಾಗಿ ಸರಿಯಬಾರದು. ಸರಿದರೆ ತಗಡು ಒಳಗೆ ಹೋದೀತು, ಹೊರಗೆ ಬರಲಾರದು. ಕಣ್ಣನ್ನು ನಂಬದೆ ಆತ ಘಳಿಗೆಗೊಮ್ಮೆ ಮೇಣದ ಉಂಡೆಯನ್ನು ಗುಳಿಗೆ ಒತ್ತಿ ತೆಗೆಯುತ್ತಾನೆ. ಹೆಬ್ಬೆರಳಷ್ಟು ಮೇಣದ ಮೇಲೆ ಹೂವು ನೆಟ್ಟಗೆ ಎದ್ದು ನಿಂತಿರುತ್ತದೆ. ಒಂದು ಎಸಳು ಮೊಂಡಾಗಿ ಕಂಡರೆ ಮತ್ತೆ ಚಾಣ.

ಕೊನೆಗೆ ಹದ ಕೊಡುವ ಹೊತ್ತು. ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಕೆಂಡದ ಬಣ್ಣಕ್ಕೆ ತಿರುಗಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ, ಅದು ಗುರುತು. ಆಗ ಎಣ್ಣೆಗೆ ಇಳಿಸಬೇಕು. ಆ ಒಂದೆರಡು ಕ್ಷಣದಲ್ಲಿ ಟಿಕ್ ಎಂದು ಸದ್ದಾದರೆ ದಿನಗಟ್ಟಲೆಯ ಕೆತ್ತನೆ ಸೀಳಿಹೋಯಿತೆಂದೇ ಅರ್ಥ. ಉಳಿದುಕೊಂಡರೆ ಮತ್ತೆ ಮೆಲ್ಲಗೆ ಕಾಯಿಸಿ, ಮುಖಕ್ಕೆ ಒಣಹುಲ್ಲಿನ ಹಳದಿ ಬಂದಾಗ ನಿಲ್ಲಿಸುತ್ತಾರೆ. ಗಡಸು ಉಳಿಯುತ್ತದೆ, ಬಿರುಸು ತಗ್ಗುತ್ತದೆ.

ಒತ್ತುವಾಗ ತಗಡಿನ ಮೇಲೆ ಸೀಸದ ಗಟ್ಟಿ ಇಟ್ಟು ಸುತ್ತಿಗೆಯಿಂದ ಹೊಡೆಯುವುದು ಹಳೆಯ ಪದ್ಧತಿ. ಸೀಸ ಮೆದು, ತಾನೇ ಗುಳಿಯ ಆಕಾರ ತಾಳಿ ತಗಡನ್ನು ಮೂಲೆಮೂಲೆಗೆ ತಳ್ಳುತ್ತದೆ. ಆದರೆ ಅದು ಚಿನ್ನದ ಹಗೆಯೂ ಹೌದು. ಸೀಸದ ಒಂದು ಕಣ ಅಂಟಿಕೊಂಡಿದ್ದರೂ ಬೆಸುಗೆಯ ಬೆಂಕಿಯಲ್ಲಿ ಅದು ಚಿನ್ನವನ್ನು ತಿಂದು ತೂತು ಮಾಡುತ್ತದೆ, ಅಕ್ಕಪಕ್ಕದ ಲೋಹವನ್ನು ಪುಡಪುಡಿ ಮಾಡುತ್ತದೆ. ಕರಗುವ ಸೀಸದ ಹೊಗೆ ಕುಡಿದವರ ಮೈಗೆ ಆಗುವ ಹಾನಿ ಇನ್ನೂ ದೊಡ್ಡದು. ಈ ಕಸುಬನ್ನು ಕೊಂಡಾಡುವವರು ಇದನ್ನು ಮರೆಮಾಚಬಾರದು. ಬೆಸೆಯುವಾಗ ಇನ್ನೊಂದು ಎಚ್ಚರ: ಗುಂಡಿನಲ್ಲಿ ಗಾಳಿಗೆ ದಾರಿ ಬಿಡದೆ ಮುಚ್ಚಿದರೆ, ಒಳಗಿನ ಗಾಳಿ ಕಾದು ಹಿಗ್ಗಿ ಬೆಸುಗೆಯನ್ನೇ ಸಿಡಿಸುತ್ತದೆ.

ಗುಜರಾತಿನ ನೆಲದಲ್ಲಿ ಈ ತಲೆಕೆಳಗಿನ ಕೆತ್ತನೆ ಬಲು ಹಳೆಯದು. ಅಹಮದಾಬಾದಿನ ದಕ್ಷಿಣಕ್ಕಿರುವ, ಸಿಂಧೂ ನಾಗರಿಕತೆಯ ಲೋಥಲ್ ಅನ್ನು 1955ರಿಂದ 1960ರವರೆಗೆ ಅಗೆಸಿದವರು ಕನ್ನಡಿಗರಾದ ಶಿಕಾರಿಪುರ ರಂಗನಾಥ ರಾವ್. ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲೂ ಕೆಲಸ ಮಾಡಿದ್ದವರು. ಅಲ್ಲಿ ಮಣಿ ಮಾಡುವ ಕಾರ್ಖಾನೆ ಸಿಕ್ಕಿತು, ಕಡುಸಣ್ಣ ಚಿನ್ನದ ಮಣಿಗಳು ಸಿಕ್ಕವು, ಕಲ್ಲಿನ ಮುದ್ರೆಗಳೂ ಸಿಕ್ಕವು. ಉಗ್ರಾಣದ ಮಣ್ಣಿನ ಗುರುತುಗಳಲ್ಲಿ ಒಂದು ಮಗ್ಗುಲಿಗೆ ಮುದ್ರೆಯ ಚಿತ್ರ, ಇನ್ನೊಂದು ಮಗ್ಗುಲಿಗೆ ಸರಕು ಕಟ್ಟಿದ್ದ ಬಟ್ಟೆ, ಚಾಪೆಗಳ ನೇಯ್ಗೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಒಬ್ಬಾತ ಕಲ್ಲಿನಲ್ಲಿ ಪ್ರಾಣಿಯ ಮೈಯನ್ನು ಗುಂಡಿಯಾಗಿ ಯೋಚಿಸಿ ಕೊರೆದಿದ್ದ. ಮೇಣ ಒತ್ತಿ ನೋಡುವವನೂ ಅವನ ಸಾಲಿನವನೇ.

ಅಹಮದಾಬಾದಿನ ಕಾಲುಪುರದಲ್ಲಿ ‘ಟಂಕಶಾಲ್’ ಎಂಬ ಹೆಸರಿನ ಓಣಿಯಿದೆ. ನಮ್ಮ ಟಂಕಸಾಲೆಯೇ. ಮೊಘಲ್ ದೊರೆ ಜಹಾಂಗೀರ್ 1618ರಲ್ಲಿ ಈ ಊರಿನಲ್ಲಿದ್ದಾಗ, ನಾಣ್ಯದ ಮೇಲೆ ತಿಂಗಳ ಹೆಸರಿನ ಬದಲು ಆಯಾ ತಿಂಗಳ ರಾಶಿಯ ಚಿತ್ರ ಇರಲಿ ಎಂದು ಅಪ್ಪಣೆ ಮಾಡಿದ. ರಾಶಿಚಿತ್ರದ ಆ ಬೆಳ್ಳಿ ರೂಪಾಯಿಗಳು ಅಹಮದಾಬಾದಿನ ಟಂಕಸಾಲೆಯವು. ಉಗುರಗಲದ ಉಕ್ಕಿನಲ್ಲಿ ಟಗರು, ಗೂಳಿ, ಸಿಂಹಗಳನ್ನು ಅವುಗಳ ಹಿಂದೆ ಹೊಳೆಯುವ ಸೂರ್ಯನ ಸಮೇತ ತಿರುವುಮುರುವಾಗಿ ಕೊರೆಯುವ ಕೈಗಳು ಆ ಟಂಕಸಾಲೆಗೆ ಒದಗಿದ್ದವು. ಜಗತ್ತಿನ ಸಂಗ್ರಹಾಲಯಗಳು ಆ ನಾಣ್ಯಗಳನ್ನು ಜಹಾಂಗೀರನ ಹೆಸರಿನಲ್ಲಿ ಪ್ರದರ್ಶಿಸುತ್ತವೆ. ಸೂರತ್ತಿನ ಟಂಕಸಾಲೆಯದು ವ್ಯಾಪಾರದ ಕಥೆ: ಇಂಗ್ಲಿಷ್ ವರ್ತಕರು ಹಡಗಿನಲ್ಲಿ ತಂದ ಸ್ಪೇನಿನ ಬೆಳ್ಳಿ ಕರಗಿ ರೂಪಾಯಿಯಾದದ್ದು ಅಲ್ಲಿ.

ಕಸುಬನ್ನು ಶಾಲೆಗೆ ತಂದದ್ದು ಬರೋಡಾ, ಇಂದಿನ ವಡೋದರಾ. ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕವಾಡರು 1890ರಲ್ಲಿ ಕಲಾಭವನ ತೆರೆದರು. ಅದನ್ನು ಕಟ್ಟಿದ ಸೂರತ್ತಿನ ತ್ರಿಭುವನದಾಸ್ ಕಲ್ಯಾಣದಾಸ್ ಗಜ್ಜರ್, ಕುಶಲ ವಿದ್ಯೆಯನ್ನು ತಾಯ್ನುಡಿಯಲ್ಲಿ ಕಲಿಸಬೇಕೆಂದು ಹಟ ಹಿಡಿದವರು. ದಾದಾಸಾಹೇಬ್ ಫಾಲ್ಕೆ ಕಲಿತದ್ದೂ ಅಲ್ಲೇ. ತಾಂತ್ರಿಕ ಶಿಕ್ಷಣ ಎಂದರೆ ಇಂಗ್ಲಿಷೇ ಎಂದು ಒಪ್ಪಿಕೊಂಡುಬಿಟ್ಟಿರುವ ನಮಗೆ ಗಜ್ಜರ್ ಅವರ ಹಟ ಇಂದಿಗೂ ಬೇಕು. ಹದ, ಬಿರುಸು, ಬೆಸುಗೆ, ಬಿಳಿಗಾರ, ಕಂಬಚ್ಚು ಎಂಬ ಮಾತುಗಳಿರುವ ಭಾಷೆ ಲೋಹವಿದ್ಯೆಗೆ ಬಡವಾಗಿಲ್ಲ.

1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ಹೊಸ ಒಡವೆಗೆ 14 ಕ್ಯಾರೆಟ್‌ನ ಮಿತಿ ಹಾಕಿತು. ಅದನ್ನು ತಂದ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ, ದಕ್ಷಿಣ ಗುಜರಾತಿನವರೇ. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. ಬೆರಕೆ ಹೆಚ್ಚಿದ ಚಿನ್ನ ಗಡಸು. 22 ಕ್ಯಾರೆಟ್ ತಗಡಿಗೆಂದು ಕೆತ್ತಿದ ಆಳದ ಅಚ್ಚಿನಲ್ಲಿ ಅದು ಅಷ್ಟು ಸುಲಭವಾಗಿ ಇಳಿಯುವುದಿಲ್ಲ, ಮತ್ತೆಮತ್ತೆ ಕಾಯಿಸದಿದ್ದರೆ ಸೀಳುತ್ತದೆ. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗುತ್ತಿರುವ ಹಾಲ್‌ಮಾರ್ಕ್ ಆರು ಅಕ್ಷರ-ಅಂಕಿಗಳ ಸಂಕೇತದಲ್ಲಿ ಒಡವೆಯ ಜಾತಕ ಹೇಳುತ್ತದೆ. ಅಚ್ಚು ಕೆತ್ತಿದವನ ಸುಳಿವು ಆ ಜಾತಕದಲ್ಲಿಲ್ಲ.

ಈಗ ಗುಳಿಯನ್ನು ಕಂಪ್ಯೂಟರಿನಲ್ಲಿ ಬರೆದು ಸಿಎನ್‌ಸಿ ಯಂತ್ರದಿಂದ ಕೊರೆಯಬಹುದು. ಎರಡು ಬಟ್ಟಲಿನ ಅಂಚು ತಪ್ಪುವ ಭಯ ಅದರಲ್ಲಿ ಕಡಿಮೆ, ಯಂತ್ರವನ್ನು ಹಳಿಯಬೇಕಾಗಿಲ್ಲ. ಕಳೆದುಹೋಗುತ್ತಿರುವುದು ಬೇರೆ. ಆರೂ ಮುಖಗಳಲ್ಲಿ ಗುಳಿಗಳಿರುವ ಹಳೆಯ ಕಂಚಿನ ಅಚ್ಚುಗಳು ಪುರಾತನ ವಸ್ತುಗಳ ಅಂಗಡಿಯಲ್ಲಿ ಪೇಪರ್‌ವೇಟುಗಳಾಗಿವೆ. ಅಹಮದಾಬಾದಿನಲ್ಲಿ ಬಟ್ಟೆಗೆ ಕ್ಯಾಲಿಕೊ ಸಂಗ್ರಹಾಲಯವಿದೆ, ಪಾತ್ರೆಪಡಗಕ್ಕೆ ವಿಶಾಲಾದ ವೇಚಾರ್ ಸಂಗ್ರಹಾಲಯವಿದೆ. ಅಚ್ಚುಗಳಿಗೂ ಅಂಥ ಮನೆ ಬೇಕು, ಇಲ್ಲದಿದ್ದರೆ ಅವುಗಳ ಪಾಲಿಗೆ ಗುಜರಿಯೇ. ಅದೇ ಊರಿನಲ್ಲಿ ಸಾಬರಮತಿಯ ದಡದ ಭಾನುವಾರದ ಸಂತೆಗೆ ‘ಗುಜರಿ’ ಎಂದು ಹೆಸರು. ಹಳೆಯ ಸಾಮಾನು ಕೊಳ್ಳುವ ಅಂಗಡಿಗೆ ಕನ್ನಡದಲ್ಲೂ ಅದೇ ಮಾತು.

ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆ ಬೋರಮಾಳ ತೊಟ್ಟ ಅಜ್ಜಿಯರು ಇನ್ನೂ ಇದ್ದಾರೆ. ಬೋರೆಹಣ್ಣಿನ ಆಕಾರದ ಆ ಪೊಳ್ಳು ಗುಂಡುಗಳ ಹೊಟ್ಟೆಯಲ್ಲಿ ಅರಗು ತುಂಬಿರುತ್ತದೆ. ಅವುಗಳ ಅಚ್ಚುಗಳು ಯಾವುದೋ ಅಕ್ಕಸಾಲಿಗರ ಮನೆಯ ಪೆಟ್ಟಿಗೆಯಲ್ಲಿ, ತುಕ್ಕು ಹಿಡಿಯದಿರಲೆಂದು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿರಬಹುದು. ಮಕ್ಕಳು ಬೇರೆ ಉದ್ಯೋಗ ಹಿಡಿದ ಮನೆಯಲ್ಲಿ ಆ ಪೆಟ್ಟಿಗೆ ಒಂದು ದಿನ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಅದಕ್ಕೆ ಮುಂಚೆ ಯಾರಾದರೂ ಹೋಗಿ, ಒಂದೊಂದು ಗುಳಿಗೂ ಒಂದೊಂದು ಮೇಣದ ಉಂಡೆ ಒತ್ತಿ ತೆಗೆದು, ಇದು ಯಾವ ಸರದ್ದು, ಈ ಹೂವಿಗೆ ಏನೆನ್ನುತ್ತಿದ್ದಿರಿ, ಎಷ್ಟು ದಪ್ಪದ ತಗಡು ಹಾಕುತ್ತಿದ್ದಿರಿ, ಕೆತ್ತಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು.