ಹಾಡುಹಕ್ಕಿಗಳು ರಾತ್ರಿ ಎಲ್ಲಿ ತಂಗುತ್ತವೆ?



ಹಕ್ಕಿ ರಾತ್ರಿ ಎಲ್ಲಿ ಮಲಗುತ್ತದೆ ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ‘ಗೂಡಿನಲ್ಲಿ’ ಎನ್ನುತ್ತೀರಿ. ಆದರೆ ಹಕ್ಕಿಗೆ ಗೂಡು ಎಂದರೆ ತೊಟ್ಟಿಲು ಇದ್ದಂತೆ. ಮರಿಗಳು ಹಾರಿಹೋದ ಮೇಲೆ ಹೆಚ್ಚಿನ ಹಾಡುಹಕ್ಕಿಗಳು ಅದನ್ನು ಬಿಟ್ಟುಬಿಡುತ್ತವೆ. ಆಮೇಲೆ ಪ್ರತಿ ಸಂಜೆಯೂ ರಾತ್ರಿ ಕಳೆಯಲು ಒಂದು ಜಾಗ ಬೇಕು. ಆ ಜಾಗವನ್ನು ಅವು ಹೇಗೆ ಆರಿಸುತ್ತವೆ ಎಂಬುದನ್ನು ನೋಡೋಣ.

ಮೊದಲನೆಯದು ಜೀವಭಯ. ಗೂಬೆ, ಬೆಕ್ಕು, ಹಾವು ರಾತ್ರಿ ಬೇಟೆಗೆ ಹೊರಡುತ್ತವೆ. ಆದ್ದರಿಂದ ಮುಳ್ಳಿನ ಜಾಲಿ, ದಟ್ಟ ಎಲೆಯ ಆಲ, ಹುಣಸೆ ಹಕ್ಕಿಗಳಿಗೆ ಮೆಚ್ಚು. ನಮ್ಮ ಮಮದಾಪುರ, ಗೋಕಾಕ ಸೀಮೆಯ ಕಬ್ಬಿನಂಥ ಒತ್ತಾದ ಬೆಳೆಯಲ್ಲಿ ಸಿಪಿಲೆ, ಕವಲುತೋಕೆಯಂಥ ಹಕ್ಕಿಗಳು ತಂಗುತ್ತವೆ. ಬೆಕ್ಕು ನುಗ್ಗಿದರೆ ರವದಿ ಸಪ್ಪಳವಾಗುತ್ತದೆ, ಗಳ ಅಲುಗುತ್ತದೆ.

ಎರಡನೆಯದು ಚಳಿ. ಹಕ್ಕಿಯ ಮೈಶಾಖ ಸುಮಾರು 40 ಡಿಗ್ರಿ. ಪುಟ್ಟ ಮೈ ಬೇಗ ತಣ್ಣಗಾಗುತ್ತದೆ. ಅದಕ್ಕೇ ಅವು ಗಾಳಿ ಬಡಿಯದ ಮಗ್ಗುಲನ್ನು ಹುಡುಕಿ, ಗರಿ ಉಬ್ಬಿಸಿ ಕೂರುತ್ತವೆ.

ಮೂರನೆಯದು ಸಹವಾಸ. ಗೊರವಂಕ (ಮೈನಾ) ಹಗಲು ಜೋಡಿಯಾಗಿ ಮೇಯುತ್ತದೆ, ಸಂಜೆ ನೂರಾರು ಸೇರುತ್ತವೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಗುಲಾಬಿ ಮೈನಾಗಳದ್ದೂ ಇದೇ ಪದ್ಧತಿ. ಹತ್ತಾರು ಕಣ್ಣುಗಳಿದ್ದರೆ ಅಪಾಯ ಬೇಗ ತಿಳಿಯುತ್ತದೆ. 1973ರಲ್ಲಿ ಪೀಟರ್ ವಾರ್ಡ್ ಮತ್ತು ಅಮೋಟ್ಜ್ ಜಹಾವಿ ಎಂಬ ವಿಜ್ಞಾನಿಗಳು ಇನ್ನೊಂದು ವಿಚಾರ ಮುಂದಿಟ್ಟರು: ತಂಗುಮರ ಸುದ್ದಿ ಸಿಗುವ ತಾಣ, ಹಸಿದ ಹಕ್ಕಿ ಬೆಳಿಗ್ಗೆ ಹೊಟ್ಟೆ ತುಂಬಿದವುಗಳ ಹಿಂದೆ ಹೋಗಿ ಮೇವು ಕಂಡುಕೊಳ್ಳುತ್ತದೆ. ಎಲ್ಲ ಜಾತಿಗೂ ಇದು ಅನ್ವಯಿಸುತ್ತದೆಯೇ ಎಂಬ ಚರ್ಚೆ ಇನ್ನೂ ನಡೆದಿದೆ.

ಇಷ್ಟೆಲ್ಲ ಕೂಡಿಬರುವ ಜಾಗ ಸುಲಭಕ್ಕೆ ಸಿಗದು. ಆದ್ದರಿಂದಲೇ ಅನೇಕ ಹಕ್ಕಿಗಳು ಒಂದೇ ಮರಕ್ಕೆ ವರ್ಷಗಟ್ಟಲೆ ಬರುತ್ತವೆ. ರಸ್ತೆ ಅಗಲ ಮಾಡಲು ಆ ಮರ ಕಡಿದರೆ ನಮಗೆ ಹೋಗುವುದು ಒಂದು ಮರ, ಅವುಗಳಿಗೆ ಹೋಗುವುದು ಇಡೀ ಊರಿನ ವಸತಿ. ಸಂಜೆ ಹೊತ್ತು ರವದಿಗೆ ಬೆಂಕಿ ಹಚ್ಚಿದರೂ ಇದೇ ಗತಿ. ಹಗಲುಹಕ್ಕಿಗಳಿಗೆ ಕತ್ತಲಲ್ಲಿ ಕಣ್ಣು ಚೆನ್ನಾಗಿ ಕಾಣದು. ಹೆದರಿ ಎದ್ದರೆ ಎಲ್ಲಿಗೆ ಹೋದಾವು? ರೈತರ ಲೆಕ್ಕದಲ್ಲೂ ಇದು ನಷ್ಟವೇ. ಸಿಪಿಲೆ, ಗೊರವಂಕಗಳು ಹೊಲದ ಹುಳುಗಳನ್ನು ತಿನ್ನುತ್ತವೆ. ಸುಡದೆ ಸಾಲಿನಲ್ಲಿ ಹರವಿದ ರವದಿ ನೆಲದ ತೇವ ಕಾಯುತ್ತದೆ.

ವಿದ್ಯಾರ್ಥಿಗಳೇ, ನಿಮ್ಮದೊಂದು ಕೆಲಸವಿದೆ. ಮಗ್ರಿಬ್‌ಗೆ ಅರ್ಧ ಗಂಟೆ ಮೊದಲು ಹೊರಗೆ ನಿಂತು, ಹಕ್ಕಿಗಳು ಯಾವ ದಿಕ್ಕಿಗೆ ಹೋಗುತ್ತವೆ, ಯಾವ ಮರದಲ್ಲಿ ಇಳಿಯುತ್ತವೆ ಎಂದು ಒಂದು ವಾರ ಬರೆದಿಡಿರಿ. ಕಲ್ಲು ಹೊಡೆಯಬೇಡಿರಿ, ದೀಪ ಬಿಡಬೇಡಿರಿ. ಹಿರಿಯರೇ, ಮರಕ್ಕೆ ಕೊಡಲಿ ಹಾಕುವ ಮೊದಲು ಆ ಮಕ್ಕಳ ನೋಟುಬುಕ್ಕನ್ನು ಒಮ್ಮೆ ತೆರೆದು ನೋಡಿರಿ.