ಸನ್ನಿ: ಮಿದುಳಿನ ಚಿತ್ರ ಹೇಳುವುದೇನು?



ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಅಜ್ಜಿಯೊಬ್ಬರು ಎರಡನೆಯ ರಾತ್ರಿ ಮಗನನ್ನೇ ‘ಯಾರಪ್ಪ ನೀನು?’ ಎಂದು ಕೇಳುತ್ತಾರೆ. ಗೋಡೆಯ ಮೇಲೆ ಇಲ್ಲದ ಇರುವೆಗಳು ಅವರಿಗೆ ಕಾಣುತ್ತವೆ. ಬೆಳಿಗ್ಗೆ ಸರಿಯಾಗಿದ್ದವರು ಸಂಜೆಗೆ ಮತ್ತೆ ಹಾಗೆಯೇ. ಅಜ್ಜಿಗೆ ಹುಚ್ಚು ಹಿಡಿಯಿತೆಂದು ಮನೆಯವರು ಕಂಗಾಲಾಗುತ್ತಾರೆ. ಇದು ಹುಚ್ಚಲ್ಲ. ಜ್ವರದಲ್ಲಿ ಬಡಬಡಿಸುವವರನ್ನು ಕಂಡು ನಮ್ಮ ಹಿರಿಯರು ‘ಸನ್ನಿ’ ಎಂದದ್ದು ಇಂಥ ಸ್ಥಿತಿಯನ್ನೇ. ವೈದ್ಯರು ಡೆಲಿರಿಯಂ ಎನ್ನುತ್ತಾರೆ. ನೇಗಿಲು ಸಾಲು ಬಿಟ್ಟು ಹೋಗುವುದು ಎಂಬುದು ಆ ಲ್ಯಾಟಿನ್ ಪದದ ಮೂಲಾರ್ಥ. ರೈತರ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ!

ಮೂತ್ರದ ಸೋಂಕು, ನೀರಿನಂಶದ ಕೊರತೆ, ರಕ್ತದ ಸೋಡಿಯಂನ ಏರುಪೇರು, ಕೆಲವು ಔಷಧಿಗಳು, ತಟ್ಟನೆ ಬಿಟ್ಟ ಮದ್ಯ, ಇವುಗಳಲ್ಲಿ ಯಾವುದರಿಂದಲಾದರೂ ಸನ್ನಿ ಬರಬಹುದು. ಇಷ್ಟೊಂದು ಬೇರೆ ಬೇರೆ ಕಾರಣಗಳಿಂದ ಒಂದೇ ಬಗೆಯ ಗೊಂದಲ ಹುಟ್ಟುವುದು ಹೇಗೆ? ಮಿದುಳಿನ ಚಿತ್ರಣದಿಂದ ವಿಜ್ಞಾನಿಗಳು ಬಿಡಿಸಹೊರಟಿರುವ ಒಗಟು ಇದು.

1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಸಿ.ಟಿ. ಯಂತ್ರದಿಂದ ನೋಡಲಾಯಿತು. ರಕ್ತಸ್ರಾವ, ಗೆಡ್ಡೆಗಳನ್ನು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಸನ್ನಿಯ ರೋಗಿಗಳಲ್ಲಿ ಅನೇಕ ವೇಳೆ ಹೊಸದೇನೂ ಕಾಣುವುದಿಲ್ಲ. ಮನೆಯ ಗೋಡೆ, ಕಂಬಗಳ ಚಿತ್ರದಲ್ಲಿ ಮನೆಯವರ ಜಗಳ ಕಂಡೀತೆ? ಅದಕ್ಕೆ ಮಿದುಳು ಕೆಲಸ ಮಾಡುತ್ತಿರುವುದನ್ನೇ ನೋಡಬೇಕು.

ರಕ್ತದ ಆಮ್ಲಜನಕದ ವ್ಯತ್ಯಾಸದಿಂದ ಮಿದುಳಿನ ಚಟುವಟಿಕೆಯನ್ನು ಅಳೆಯುವ ಎಂ.ಆರ್.ಐ. ವಿಧಾನವೊಂದಿದೆ. 2012ರಲ್ಲಿ ದಕ್ಷಿಣ ಕೊರಿಯದ ಸಂಶೋಧಕರು ಇದರಿಂದ ಸನ್ನಿಯ ರೋಗಿಗಳನ್ನು ಪರೀಕ್ಷಿಸಿದರು. ಗಮನವನ್ನು ಹಿಡಿದಿಡಲು ನೆರವಾಗುವ ಭಾಗವೊಂದು ಹಣೆಯ ಹಿಂದಿದೆ. ನಾವು ನಮ್ಮದೇ ಯೋಚನೆಯಲ್ಲಿ ಮುಳುಗಿದಾಗ ಚುರುಕಾಗುವ ಇನ್ನೊಂದು ಭಾಗ ಮಿದುಳಿನ ಒಳಮಗ್ಗುಲಲ್ಲಿ, ಹಿಂದಕ್ಕಿದೆ. ಆರೋಗ್ಯವಂತರಲ್ಲಿ ಇವೆರಡೂ ತಕ್ಕಡಿಯ ತಟ್ಟೆಗಳಂತೆ: ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಸನ್ನಿಯಲ್ಲಿ ಎರಡೂ ಒಟ್ಟಿಗೇ ಏರಿಳಿಯುತ್ತಿದ್ದವು. ಮಾತು ಕೇಳಿಸಿದರೂ ಮನಸ್ಸು ಅದರ ಮೇಲೆ ನಿಲ್ಲದಿರುವುದಕ್ಕೆ ಇಲ್ಲೊಂದು ಸುಳಿವಿದೆ.

ಇನ್ನೊಂದು ವಿಧಾನ ಪೆಟ್. ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮಿದುಳು ಶಕ್ತಿಯ ಶೇಕಡ 20ನ್ನು ಬಳಸುತ್ತದೆ. ಅದರ ಮುಖ್ಯ ಆಹಾರ ಗ್ಲೂಕೋಸ್. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ 13 ರೋಗಿಗಳ ಮಿದುಳಿನ ಹೊರಪದರ ಗ್ಲೂಕೋಸನ್ನು ಕಡಿಮೆ ಬಳಸುತ್ತಿದ್ದುದು ಕಂಡಿತು. ಸನ್ನಿ ಇಳಿದ ಮೇಲೆ ಮತ್ತೆ ಪರೀಕ್ಷಿಸಿದವರಲ್ಲಿ ಬಳಕೆ ಹೆಚ್ಚಿತ್ತು. ಒಲೆ ಆರಿರಲಿಲ್ಲ, ಉರಿ ತಗ್ಗಿತ್ತು ಅಷ್ಟೆ. ಆದರೆ ಉರಿ ತಗ್ಗಿದ್ದರಿಂದ ಸನ್ನಿಯೋ, ಸನ್ನಿಯಿಂದ ಉರಿ ತಗ್ಗಿತೋ? 13 ಜನರ ಚಿತ್ರದಿಂದ ಇದನ್ನು ತೀರ್ಮಾನಿಸಲಾಗದು.

ಕಷ್ಟ ಇನ್ನೂ ಒಂದಿದೆ. ಚಿತ್ರ ಸ್ಪಷ್ಟವಾಗಬೇಕಾದರೆ ತಲೆ ಅಲುಗಬಾರದು. ಹಾಸಿಗೆಯಿಂದ ಎದ್ದು ಓಡಲು ಹವಣಿಸುವವರನ್ನು ಸದ್ದು ಮಾಡುವ ಸುರಂಗದಲ್ಲಿ ಮಲಗಿಸುವುದು ಹೇಗೆ? ಮಂಪರಿನ ಔಷಧಿ ಕೊಟ್ಟರೆ ಮಿದುಳಿನ ಚಟುವಟಿಕೆಯೇ ಬದಲಾಗುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆಗೆ ಮೊದಲೇ ಚಿತ್ರ ತೆಗೆದು, ಆಮೇಲೆ ಯಾರಿಗೆ ಸನ್ನಿ ಬರುತ್ತದೆಂದು ಕಾದು ನೋಡುವ ಅಧ್ಯಯನಗಳೂ ನಡೆದಿವೆ.

ಗಲಾಟೆ ಮಾಡುವವರಾದರೂ ಕಣ್ಣಿಗೆ ಬೀಳುತ್ತಾರೆ. ಸುಮ್ಮನೆ ಮಂಕಾಗಿ ಮಲಗಿರುವವರ ಸನ್ನಿ ಯಾರಿಗೂ ತಿಳಿಯದೆ ಹೋಗಬಹುದು. ಅದನ್ನು ಗುರುತಿಸಲು ವೈದ್ಯರು ಇಂದಿಗೂ ಯಂತ್ರಕ್ಕೆ ಕಾಯುವುದಿಲ್ಲ. ಹಾಸಿಗೆಯ ಪಕ್ಕ ಕುಳಿತು, ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿ ಎನ್ನುತ್ತಾರೆ. ಎಲ್ಲಿ ಸಾಲು ತಪ್ಪುತ್ತದೆಂದು ಕಿವಿಗೊಟ್ಟು ಕೇಳುತ್ತಾರೆ.