ಬರೆದದ್ದು ನಡೆಯಬೇಕು



ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಕಲಿಕಾ ಕೇಂದ್ರಗಳಿಂದ ನೀವು ಬಂದಿದ್ದೀರಿ. ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಬಂದವರಿದ್ದೀರಿ. ಬೀಡಿ ಕಟ್ಟುವವರಿದ್ದೀರಿ. ಮೀನು ಮಾರುವವರಿದ್ದೀರಿ. ಗದ್ದೆ ಕೆಲಸದವರೂ ಇದ್ದೀರಿ. ಈಗ ನಿಮಗೆ ಓದಲು ಬರುತ್ತದೆ. ಹಾಗಾಗಿ ಇವತ್ತು ನಾವೆಲ್ಲ ಸೇರಿ ಒಂದು ದೊಡ್ಡ ಪುಸ್ತಕದ ವಿಷಯ ಮಾತಾಡುವ. ಆ ಪುಸ್ತಕದ ಹೆಸರು ಭಾರತದ ಸಂವಿಧಾನ.

ಸಂವಿಧಾನ ಅಂದರೆ ಎಂತ? ದೇಶ ನಡೆಸುವ ಕಟ್ಟಳೆ. ಸರಕಾರ ಎಂತ ಮಾಡಬಹುದು, ಎಂತ ಮಾಡಬಾರದು, ಜನರ ಹಕ್ಕು ಯಾವುದು, ಎಲ್ಲ ಅದರಲ್ಲಿದೆ. ಅದನ್ನು ಬರೆಯುವ ಸಭೆ 1946ರ ಡಿಸೆಂಬರಿನಲ್ಲಿ ಸೇರಿತು. ನಮ್ಮ ಕರಾವಳಿಯವರೇ ಆದ ಬೆನಗಲ್ ನರಸಿಂಗ ರಾವ್ ಅವರು ಆ ಸಭೆಯ ಸಲಹೆಗಾರರು. ಕರಡು ಸಮಿತಿಯ ಅಧ್ಯಕ್ಷರು ಡಾ. ಬಿ. ಆರ್. ಅಂಬೇಡ್ಕರ್. ಸುಮಾರು ಮೂರು ವರ್ಷ ಕೆಲಸ ನಡೆಯಿತು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು.

ಜಾರಿಗೆ ಬಂತು ಅಂದರೆ ಮರುದಿನವೇ ನಮ್ಮ ಊರಿನ ಅಂಗಳಕ್ಕೆ ಬಂತಾ? ಇಲ್ಲ. ಅಂಬೇಡ್ಕರ್ ಅವರೇ ಮೊದಲೇ ಎಚ್ಚರಿಸಿದ್ದರು. ಓಟಿನಲ್ಲಿ ಎಲ್ಲರೂ ಸಮ ಆಗುತ್ತೇವೆ, ಬದುಕಿನಲ್ಲಿ ಸಮ ಆಗಿರುವುದಿಲ್ಲ ಎಂಬ ಅರ್ಥದ ಮಾತನ್ನು ಅವರು 1949ರ ನವೆಂಬರಿನಲ್ಲಿ ಹೇಳಿದ್ದರು. ಬರೆದ ಮಾತು ನಮ್ಮ ಊರಿಗೆ ನಡೆದು ಬರಲು ಎಷ್ಟು ವರ್ಷ ಹಿಡಿಯಿತು? ಮೂರು ವಿಷಯ ನೋಡುವ.

ಮೊದಲನೆಯದು ಭೂಮಿ.

ನಮ್ಮ ಹಿರಿಯರಲ್ಲಿ ಹೆಚ್ಚಿನವರು ಗೇಣಿ ಒಕ್ಕಲು. ಮೂಲಗೇಣಿ, ಚಾಲಗೇಣಿ ಎಂಬ ಮಾತು ನೀವೂ ಕೇಳಿದ್ದೀರಿ. ಬೆಳೆದ ಭತ್ತ ಅಕ್ಕಿಯಾಗಿ ಮುಡಿ ಕಟ್ಟಿಸಿಕೊಂಡು ಒಡೆಯರ ಮನೆಗೆ ಹೋಗುತ್ತಿತ್ತು. ಚಾಲಗೇಣಿಯ ಒಕ್ಕಲಿಗೆ ನಾಳೆ ಗದ್ದೆ ಇರುತ್ತದೋ ಇಲ್ಲವೋ ಎಂಬ ಹೆದರಿಕೆ ಬೇರೆ. ಸಂಪತ್ತು ಕೆಲವರ ಕೈಯಲ್ಲೇ ಸೇರಬಾರದು ಎಂದು ಸಂವಿಧಾನದ 39ನೇ ವಿಧಿ ಹೇಳುತ್ತದೆ. ಆದರೆ ಆಸ್ತಿಯೂ ಒಂದು ಹಕ್ಕು ಎಂದು ಅದೇ ಪುಸ್ತಕದಲ್ಲಿ ಆಗ ಬರೆದಿತ್ತು. ಬಿಹಾರದಂಥ ಕಡೆ ಜಮೀನ್ದಾರರು ಕೋರ್ಟಿಗೆ ಹೋದರು. ಕಡೆಗೆ 1951ರಲ್ಲೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಮಾಡಬೇಕಾಯಿತು.

ನಮ್ಮಲ್ಲಿ ಗೇಣಿ ಹೋದದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಯಾಯಿತು. ಉಳುವವನೇ ಹೊಲದೊಡೆಯ ಎಂದರು. ಲೆಕ್ಕ ಹಾಕಿ. 1950ರಿಂದ 1974. ಇಪ್ಪತ್ತನಾಲ್ಕು ವರ್ಷ.

ಕಾಯ್ದೆ ಬಂದ ಕೂಡಲೇ ಗದ್ದೆ ಕೈಗೆ ಬರಲಿಲ್ಲ. 7ನೇ ನಮೂನೆಯ ಅರ್ಜಿ ಬರೆಯಬೇಕು. ಭೂನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕು. ತಾನು ಗೇಣಿದಾರ ಎಂದು ತೋರಿಸಬೇಕು. ಅರ್ಜಿ ಕೊಡುವ ಕಡೆಯ ದಿನ 1979ರ ಜೂನ್ 30. ಓದು ಬಾರದವನಿಗೆ ನಮೂನೆ ಬರೆಯಲು ಇನ್ನೊಬ್ಬರು ಬೇಕು. ಒಡೆಯರ ಮುಖ ನೋಡಿ ಸುಮ್ಮನಾದವರ ಕತೆ ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೂ ಧೈರ್ಯ ಮಾಡಿ ಅರ್ಜಿ ಕೊಟ್ಟವರು ಬಹಳ ಜನ. ಇವತ್ತು ನಮ್ಮಲ್ಲಿ ಎಷ್ಟೋ ಮನೆಯವರು ಸ್ವಂತ ಗದ್ದೆಯ ಅಕ್ಕಿ ಉಣ್ಣುವುದು ಆ ಒಂದು ಕಾಗದದಿಂದ.

ಎರಡನೆಯದು ಮಾನ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 23ನೇ ವಿಧಿ ಬಿಟ್ಟಿ ಚಾಕರಿ ಕೂಡದು ಅನ್ನುತ್ತದೆ. ಎರಡೂ 1950ರಲ್ಲೇ ಬರೆದ ಮಾತು. ಆದರೆ ನಮ್ಮ ನಡುವೆ ಇರುವ ಕೊರಗರಿಗೆ ಎಂತ ಆಯಿತು? ಕಾಡಿನ ಬಳ್ಳಿ ತಂದು ನಮಗೆ ಬುಟ್ಟಿ ಹೆಣೆದುಕೊಟ್ಟವರು ಅವರು. ಅವರಲ್ಲಿ ಹೆಚ್ಚಿನವರಿಗೆ ಗೇಣಿ ಗದ್ದೆಯೂ ಇರಲಿಲ್ಲ. ಗೇಣಿಯೇ ಇಲ್ಲದವರು 7ನೇ ನಮೂನೆಯಲ್ಲಿ ಎಂತ ಬರೆಯುವುದು? ಭೂಮಿಯ ಕಾಯ್ದೆ ಅವರ ಮನೆ ಬಾಗಿಲು ದಾಟಿ ಮುಂದೆ ಹೋಯಿತು.

ಮೇಲಿಂದ ಅಜಲು ಎಂಬ ಪದ್ಧತಿ. ಉಗುರು, ಕೂದಲು ಬೆರೆಸಿದ ಅನ್ನ ಅವರಿಗೆ ತಿನ್ನಿಸಿದರೆ ನಮ್ಮ ಕಂಟಕ ಕಳೆಯುತ್ತದೆ ಎಂಬ ನಂಬಿಕೆ. ಕಂಬಳಕ್ಕೆ ಮೊದಲು ಅವರನ್ನು ಕೋಣದ ಹಾಗೆ ಓಡಿಸುವುದು. ಕೂಲಿ ಕೊಡದೆ ಡೋಲು ಬಾರಿಸುವುದು. ಡೋಲು ಒಳ್ಳೆಯ ವಾದ್ಯ, ಅದರಲ್ಲಿ ತಪ್ಪಿಲ್ಲ. ಬೇಡ ಅಂದವರ ಕೈಯಲ್ಲಿ ಬಿಟ್ಟಿ ಬಾರಿಸುವುದು ತಪ್ಪು.

ಇದನ್ನು ಹೆಸರು ಹಿಡಿದು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ಮಾಡಿದ್ದು 2000ನೇ ಇಸವಿಯಲ್ಲಿ. ಐವತ್ತು ವರ್ಷ ಬೇಕಾಯಿತು. ಈಗ ಅಜಲು ಮಾಡಿಸಿದವರಿಗೆ ಜೈಲು ಶಿಕ್ಷೆ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ತಿನ್ನಬಾರದ್ದನ್ನು ತಿನ್ನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ.

ಹಾಗಾದರೆ ಕಷ್ಟ ಎಲ್ಲಿದೆ? ದೂರು ಯಾರು ಕೊಡುವುದು? ಸಾಕ್ಷಿ ಯಾರು ಹೇಳುವುದು? ನಾಳೆ ಕೂಲಿಗೆ ಹೋಗಬೇಕಾದ ಮನೆಯ ಮೇಲೆಯೇ ದೂರು ಕೊಡುವುದು ಹೇಗೆ? ಪೊಲೀಸ್ ಠಾಣೆ ಊರಿನ ಹೊರಗೆ. ನಂಬಿಕೆ ಮನೆಯ ಒಳಗೆ. ಅಜಲು ಒಂದೇ ಅಲ್ಲ. ಚಾವಡಿಗೆ ಹತ್ತಿಸದೆ ಅಂಗಳದಲ್ಲೇ ಬಡಿಸುವುದು, ಬೇರೆ ಲೋಟ ಇಡುವುದು, ಇದೂ ಅಸ್ಪೃಶ್ಯತೆಯೇ. ಇದನ್ನು ನೋಡಿ ನೆರೆಮನೆಯವರು ಸುಮ್ಮನಿದ್ದರೆ ಕಾಯ್ದೆ ಕಪಾಟಿನಲ್ಲೇ ಉಳಿಯುತ್ತದೆ.

ಇಲ್ಲಿ ಒಂದು ಮಾತು ಕೇಳಬೇಕು. ನಮ್ಮ ಮನೆಗೆ ಗದ್ದೆ ಕೊಟ್ಟದ್ದು ಯಾವ ಪುಸ್ತಕದ ಬಲ? ಅದೇ ಪುಸ್ತಕ ಅವರಿಗೆ ಮಾನ ಕೊಟ್ಟಿದೆ. ಗದ್ದೆಯ ಪುಟ ನಮಗೆ ಬೇಕು, ಮಾನದ ಪುಟ ಬೇಡ ಅಂದರೆ ಆಗುತ್ತದಾ? ಒಡೆಯರ ಅಂಗಳದಲ್ಲಿ ಕೈಕಟ್ಟಿ ನಿಂತ ಅಜ್ಜನ ಮೊಮ್ಮಕ್ಕಳು ನಾವು. ಇನ್ನೊಬ್ಬರನ್ನು ನಮ್ಮ ಅಂಗಳದಲ್ಲಿ ಹಾಗೆ ನಿಲ್ಲಿಸಬಾರದು.

ಮೂರನೆಯದು ಮಾತು.

ಹಳ್ಳಿಗಳಲ್ಲಿ ಪಂಚಾಯತಿ ಕಟ್ಟಬೇಕು ಎಂದು 40ನೇ ವಿಧಿ ಹೇಳಿತ್ತು. ಅದು ಸರಕಾರಕ್ಕೆ ಕೊಟ್ಟ ಬರೀ ಸೂಚನೆ. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಯಾದ ಮೇಲೆ ಪಂಚಾಯತಿ ಗಟ್ಟಿಯಾಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಎಂದಾಯಿತು. ಹೆಂಗಸರಿಗೆ ಮೂರರಲ್ಲಿ ಒಂದು ಪಾಲು ಸ್ಥಾನ ಎಂದರು. ಕರ್ನಾಟಕದಲ್ಲಿ ಈಗ ಅದು ಅರ್ಧ ಪಾಲು. ಗ್ರಾಮಸಭೆಯಲ್ಲಿ ಓಟಿನ ಹಕ್ಕಿರುವ ಎಲ್ಲರೂ ಸದಸ್ಯರೇ.

ಆದರೆ ಎಷ್ಟೋ ಕಡೆ ಗೆದ್ದವಳು ಹೆಂಡತಿ, ಮಾತಾಡುವವನು ಗಂಡ. ಸಭೆಗೆ ಬಂದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಚಾ ಕುಡಿದು ಹೋಗುತ್ತಾರೆ. ಎಲ್ಲರೂ ಒಪ್ಪಿದರು ಎಂದು ಆಮೇಲೆ ನಡಾವಳಿಯಲ್ಲಿ ಬರೆದಿರುತ್ತದೆ. ನಾವು ಎಂತಕ್ಕೆ ಒಪ್ಪಿದ್ದು? ಓದದೆ ಹೇಗೆ ಗೊತ್ತಾಗುವುದು?

ಹೊಸ ಕಟ್ಟಳೆ ಬರೆದ ಬೇರೆ ದೇಶಗಳಲ್ಲೂ ಇದೇ ಕಷ್ಟ. ನೆರೆಯ ನೇಪಾಳ 2015ರಲ್ಲಿ ಹೊಸ ಸಂವಿಧಾನ ತಂದಿತು. ಅದರಲ್ಲೂ ಅಸ್ಪೃಶ್ಯತೆ ಕೂಡದು ಎಂದು ಬರೆದಿದೆ. ಅಲ್ಲೂ ಬರೆದದ್ದು ಹಳ್ಳಿಗೆ ಮುಟ್ಟಿಸುವುದೇ ದೊಡ್ಡ ಕೆಲಸ.

ಹಾಗಾದರೆ ನಾವು ಎಂತ ಮಾಡುವ? ಕೈಗೆ ಎಟಕುವ ನಾಲ್ಕು ಕೆಲಸ ಇದೆ.

ಸಹಿ ಹಾಕುವ ಮೊದಲು ಓದುವ. ಪೂರ್ತಿ ಬರೆಯದ ಹಾಳೆಗೆ ಸಹಿ ಬೇಡ.

ಗ್ರಾಮಸಭೆಗೆ ಹೋಗುವ. ಒಬ್ಬರೇ ಹೋದರೆ ಹೆದರಿಕೆ. ಹತ್ತು ಜನ ಒಟ್ಟಿಗೆ ಹೋದರೆ ಧೈರ್ಯ. ಕೊರಗರ ಮನೆಗಳಿಗೆ ರಸ್ತೆ, ನೀರು, ಹಕ್ಕುಪತ್ರ ಬಂದಿದೆಯಾ ಎಂದು ಅಲ್ಲೇ ಕೇಳುವ. ಅವರೇ ಎದ್ದು ಮಾತಾಡಿದರೆ ಕುಳಿತು ಕೇಳುವ.

ಉತ್ತರ ಸಿಗದಿದ್ದರೆ ಅರ್ಜಿ ಬರೆಯುವ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ. 30 ದಿನದ ಒಳಗೆ ಉತ್ತರ ಕೊಡಬೇಕು.

ಅನ್ಯಾಯ ಕಂಡರೆ ಸಾಕ್ಷಿ ಹೇಳುವ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಸರಕಾರವೇ ವಕೀಲರನ್ನು ಕೊಡುತ್ತದೆ. ಹಣ ಬೇಡ. ಕುಂದಾಪುರದ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿದರೆ ತೋರಿಸುತ್ತಾರೆ.

ಭೂಮಿ ಇಪ್ಪತ್ತನಾಲ್ಕು ವರ್ಷ ತಡವಾಯಿತು. ಪಂಚಾಯತಿ ನಲವತ್ತಮೂರು ವರ್ಷ. ಅಜಲಿನ ಕಾಯ್ದೆ ಐವತ್ತು ವರ್ಷ. ಇಷ್ಟು ದೂರ ಬಂದ ಮಾತು ಊರಿನ ಗಡಿಯಲ್ಲಿ ನಿಂತರೆ ಅದನ್ನು ಒಳಗೆ ಕರೆತರುವವರು ನಾವೇ. ಮುಂದಿನ ಗ್ರಾಮಸಭೆ ಯಾವ ದಿನ ಎಂದು ನಾಳೆಯೇ ಪಂಚಾಯತಿಯಲ್ಲಿ ಕೇಳಿ. ನಿಮ್ಮ ಪುಸ್ತಕದಲ್ಲಿ ಬರೆದಿಡಿ.